ಅಕ್ಷರಕ್ಕೆ ಹಬ್ಬ ಮಾಡುವ ಊರು

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡುತ್ತಿರುವುದು ಬಲ್ಗೇರಿಯಾದ ಕೊಪ್ರಿವ್‌ಷ್ಟಿತ್ಸಾ ಅನ್ನುವ ಊರಿನ ಬಗ್ಗೆ. ಹೆಸರು ಮೊದಲ ಸಲಕ್ಕೆ ನಾಲಿಗೆ ಮೇಲೆ ಹೊರಳುವುದಿಲ್ಲ, ಪರವಾಗಿಲ್ಲ. ಸುಮಾರು 1,000 ಮೀಟರ್ ಎತ್ತರದ ಬೆಟ್ಟದ ನಡುವೆ, ತೊಪೊಲ್ನಿತ್ಸಾ ಹೊಳೆಯ ದಂಡೆಯಲ್ಲಿದೆ. ಜನ ಎರಡು ಸಾವಿರದ ಆಸುಪಾಸು. ಇಲ್ಲಿ ಹಬ್ಬ ನಡೆಸುವವರು ಮಕ್ಕಳೇ ಅಂತ ನನಗೆ ಅನ್ನಿಸುತ್ತದೆ.

ಜನವರಿ 1 ನೋಡಿ. ಮಕ್ಕಳು ಬೆಳಿಗ್ಗೆಯೇ ಎದ್ದು, ಬಣ್ಣದ ದಾರ, ಒಣಹಣ್ಣು, ಜೋಳದ ಅರಳು ಪೋಣಿಸಿದ ಒಂದು ಕೊಂಬೆ ಹಿಡಿದು ಮನೆಮನೆಗೆ ಹೋಗುತ್ತಾರೆ. ಅದಕ್ಕೆ ಸುರ್ವಾಚ್ಕ ಅಂತ ಹೆಸರು. ಅದರಿಂದ ದೊಡ್ಡವರ ಬೆನ್ನಿಗೆ ಮೆಲ್ಲಗೆ ಬಡಿದು, ಆರೋಗ್ಯವಾಗಿರಿ, ಬೆಳೆ ಚೆನ್ನಾಗಿ ಬರಲಿ ಅಂತ ಹಾರೈಸುತ್ತಾರೆ. ಪೆಟ್ಟು ತಿಂದವರೇ ಮಕ್ಕಳ ಕೈಗೆ ಚಿಲ್ಲರೆ, ಮಿಠಾಯಿ ಕೊಡಬೇಕು! ಮಾರ್ಚ್ 1ಕ್ಕೆ ಮುಂಗೈಗೆ ಕೆಂಪು ಬಿಳಿ ದಾರ, ಅದು ಮಾರ್ತೆನಿತ್ಸಾ. ಕೊಕ್ಕರೆಯನ್ನೋ ಹೂಬಿಟ್ಟ ಮರವನ್ನೋ ಕಾಣುವ ತನಕ ಬಿಚ್ಚುವ ಹಾಗಿಲ್ಲ, ಕಂಡ ಮೇಲೆ ಮರಕ್ಕೇ ಕಟ್ಟಿಬಿಡುವುದು.

ಶಾಲೆ ಶುರುವಾಗುವುದು ಸೆಪ್ಟೆಂಬರ್ 15ಕ್ಕೆ, ಮಕ್ಕಳ ಕೈಯಲ್ಲಿ ಟೀಚರಿಗೆ ಕೊಡುವ ಹೂವು. ಅಲ್ಲಿ ಅಂಕ 6 ಬಂದರೆ ಭೇಷ್, 2 ಬಂದರೆ ನಪಾಸು. ಅಂದ ಹಾಗೆ, ಅಲ್ಲಿನವರು ಹೌದು ಅನ್ನುವಾಗ ತಲೆಯನ್ನು ಆಚೀಚೆ ಆಡಿಸುತ್ತಾರೆ. ಹೊರಗಿನವರು ಗಲಿಬಿಲಿಯಾಗುತ್ತಾರೆ, ನಮಗೆ ಅಷ್ಟೇನೂ ಕಷ್ಟ ಆಗಲಿಕ್ಕಿಲ್ಲ ಅಲ್ವಾ?

ಆದರೆ ನನಗೆ ತುಂಬಾ ಇಷ್ಟವಾದದ್ದು ಮೇ 24. ಅದು ಅಕ್ಷರದ ಹಬ್ಬ. 19ನೇ ಶತಮಾನದಲ್ಲಿ ದೇಶ ಒಟ್ಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು, ಚರ್ಚಿನಲ್ಲೂ ಓದುಬರಹದಲ್ಲೂ ಗ್ರೀಕ್ ಭಾಷೆಯದೇ ಜೋರು. ಆಗ ಇದೇ ಊರಲ್ಲಿ ಹುಟ್ಟಿದ ನೈದೆನ್ ಗೆರೋವ್ 1846ರಲ್ಲಿ ಇಲ್ಲಿ ಬಲ್ಗೇರಿಯನ್ ಶಾಲೆ ತೆರೆದರು. ಬಲ್ಗೇರಿಯನ್ನರೂ ಸೇರಿದ ಸ್ಲಾವ್ ಜನರಿಗೆ ಹಿಂದೆ 9ನೇ ಶತಮಾನದಲ್ಲಿ ಲಿಪಿ ಕೊಟ್ಟ ಸಿರಿಲ್ ಮತ್ತು ಮೆಥೋಡಿಯಸ್ ಅಣ್ಣತಮ್ಮಂದಿರ ಹೆಸರಿನ ಶಾಲೆ ಅದು. ಮುಂದೆ ಗೆರೋವ್ ಪ್ಲೊವ್‌ದಿವ್ ನಗರಕ್ಕೆ ಹೋದರು. 1851ರಲ್ಲಿ ಅಲ್ಲಿನ ಶಾಲೆಯಲ್ಲಿ ಆ ಅಣ್ಣತಮ್ಮಂದಿರ ಹಬ್ಬ ಮಾಡಿಸಿದರು. ಇವತ್ತು ಅದೇ ಮೇ 24ರ ರಾಷ್ಟ್ರೀಯ ರಜೆ. ಮಕ್ಕಳು ಅವರಿಬ್ಬರ ಚಿತ್ರಕ್ಕೆ ಹೂವಿನ ಹಾರ ಹಾಕಿ ಮೆರವಣಿಗೆ ಹೋಗುತ್ತಾರೆ. ಗೆದ್ದ ಯುದ್ಧಕ್ಕೆ, ರಾಜನಿಗೆ ಮೆರವಣಿಗೆ ಎಲ್ಲಾ ಕಡೆ ಇದೆ. ಅ ಆ ಇ ಈಗೆ ಮೆರವಣಿಗೆ ಎಷ್ಟು ಕಡೆ ಇದೆ ಹೇಳಿ?

ಇಷ್ಟಕ್ಕೆಲ್ಲ ಮಕ್ಕಳು ಬೇಕಲ್ಲ, ಅಲ್ಲೇ ತೊಡಕು. 1980ರ ದಶಕದ ಕೊನೆಗೆ ದೇಶದ ಜನ 90 ಲಕ್ಷದ ಹತ್ತಿರ ಇದ್ದರು, 2021ರ ಗಣತಿಯಲ್ಲಿ 65 ಲಕ್ಷ. ಚಿಕ್ಕವಯಸ್ಸಿನವರು ರಾಜಧಾನಿ ಸೋಫಿಯಾಗೋ ಜರ್ಮನಿಗೋ ಹೋಗಿಬಿಡುತ್ತಾರೆ. 2026ರ ಜನವರಿ 1ರಿಂದ ಅಲ್ಲಿ ಯೂರೋ ಬಂದಿದೆ, ನಾಣ್ಯದ ಮೇಲೆ ದೇಶದ ಹೆಸರು ಅವರದೇ ಲಿಪಿಯಲ್ಲಿದೆ. ಸುರ್ವಾಚ್ಕ ಹಿಡಿದು ಬರುವ ಮಕ್ಕಳಿಗೆ ಅಂತ ಅಜ್ಜಿಯರು ಎತ್ತಿಡುವ ಚಿಲ್ಲರೆ ಈಗ ಅದೇ.