ನರದ ಗುಳಿಗೆ: ಸ್ಟ್ರಿಪ್ ತಿರುಗಿಸಿ ಓದಿದ್ದೀರಾ?

[ದೃಶ್ಯ: ದಾವಣಗೆರೆಯ ಒಂದು ಮೆಡಿಕಲ್ ಶಾಪ್. ಕೌಂಟರ್ ಮೇಲೆ ಕೆಂಪು ಗುಳಿಗೆಯ ಸ್ಟ್ರಿಪ್.]

"ಅಣ್ಣಾ, ನರಕ್ಕೆ ಹತ್ತು ಗುಳಿಗೆ ಕೊಡು."

ನಮ್ಮೂರಿನ ಮೆಡಿಕಲ್ ಶಾಪ್ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ನಮ್ಮ ದೊಡ್ಡಪ್ಪನೂ ಹೀಗೇ ತರುತ್ತಿದ್ದರು. ಹನ್ನೆರಡು ವರ್ಷದ ಶುಗರ್. ರಾತ್ರಿ ಮಲಗಿದರೆ ಅಂಗಾಲು ಉರಿ, ಇರುವೆ ಹರಿದ ಹಾಗೆ ಜುಮುಜುಮು. ಗುಳಿಗೆ ತಿಂದ ಮೇಲೆ ಒಳ್ಳೆ ನಿದ್ದೆ ಬಂತಂತೆ. "ವಿಟಮಿನ್ ಬಿಡಪ್ಪ, ಎಷ್ಟು ತಿಂದರೂ ಏನಾಗಲ್ಲ" ಅನ್ನುತ್ತಿದ್ದರು.

ಸ್ಟ್ರಿಪ್ ತಿರುಗಿಸಿ ನೋಡಿದೆ. ಮೀಥೈಲ್‌ಕೋಬಾಲಮಿನ್ ಇತ್ತು, ಅಂದರೆ ಬಿ12 ವಿಟಮಿನ್. ಪಕ್ಕದಲ್ಲೇ ಪ್ರಿಗ್ಯಾಬಲಿನ್ 75 ಮಿ.ಗ್ರಾಂ. ಇದು ನರದ ನೋವು ತಗ್ಗಿಸುವ ಔಷಧಿ. ಡಾಕ್ಟರ್ ಚೀಟಿ ಇಲ್ಲದೆ ತಗೊಳ್ಳುವ ಹಾಗಿಲ್ಲ. ನಿದ್ದೆ ಬರುತ್ತಿದ್ದದ್ದು ಇದರಿಂದ. ತಲೆಸುತ್ತು, ಕಾಲು ಊತ ಬರಬಹುದು. ಕಿಡ್ನಿ ಸೋತವರಿಗೆ ಡೋಸ್ ಇಳಿಸಬೇಕು. ಈಗಾಗಲೇ ತಿನ್ನುತ್ತಿದ್ದರೆ ಈ ವಿಡಿಯೋ ನೋಡಿ ದಿಢೀರ್ ಅಂತ ಬಿಡಬೇಡಿ, ಡಾಕ್ಟರ್ ಹತ್ತಿರ ಕೇಳಿಯೇ ನಿಲ್ಲಿಸಿ.

ಈಗ ಬಿ12 ವಿಷಯ. ಶುಗರ್ ಬಂದ ಹೆಚ್ಚಿನವರಿಗೆ ಮೊದಲು ಬರೆಯುವುದು ಮೆಟ್‌ಫಾರ್ಮಿನ್. ಒಳ್ಳೆ ಔಷಧಿಯೇ. ಆದರೆ ವರ್ಷಗಟ್ಟಲೆ ತಿಂದರೆ ಊಟದಲ್ಲಿರುವ ಬಿ12 ಮೈಗೆ ಹತ್ತುವುದು ಕಡಿಮೆಯಾಗಬಹುದು. ಇನ್ನು ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ನಮ್ಮ ರೊಟ್ಟಿ, ಮುದ್ದೆ, ಸೊಪ್ಪಿನ ಪಲ್ಯದಲ್ಲಿ ಇಲ್ಲ. ಸಸ್ಯಾಹಾರಿ, ಜೊತೆಗೆ ವರ್ಷಗಳಿಂದ ಮೆಟ್‌ಫಾರ್ಮಿನ್ ಅಂದರೆ ಕೊರತೆಯ ಸಂಶಯ ಪಡಲೇಬೇಕು. ಬಿ12 ಕಡಿಮೆಯಾದರೂ ಕಾಲು ಜೋಮು ಹಿಡಿಯುತ್ತದೆ, ಶುಗರ್‌ನಿಂದ ನರ ಹಾಳಾದರೂ ಜೋಮು ಹಿಡಿಯುತ್ತದೆ. ಕಾಲು ನೋಡಿ ಯಾವುದು ಯಾವುದು ಅಂತ ಹೇಳುವುದು ಕಷ್ಟ. ರಕ್ತ ಪರೀಕ್ಷೆ ಬೇಕು. ಒಂದು ಮಿ.ಲೀ.ಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಕೊರತೆ ಅನ್ನುತ್ತಾರೆ.

ಆದರೆ ಪರೀಕ್ಷೆ ಮೊದಲು, ಗುಳಿಗೆ ಆಮೇಲೆ. ದೊಡ್ಡಪ್ಪ ಆಗಲೇ ಒಂದು ವರ್ಷ ತಿಂದಿದ್ದರು. ರಿಪೋರ್ಟ್‌ನಲ್ಲಿ ಬಿ12 ತುಂಬಿ ತುಳುಕುತ್ತಿತ್ತು! ಮೊದಲು ಕೊರತೆ ಇತ್ತೋ ಇಲ್ಲವೋ, ಈಗ ಹೇಳುವವರು ಯಾರು?

ಕೊರತೆ ಇದ್ದವರಿಗೆ ಬಿ12 ನಿಜಕ್ಕೂ ಬೇಕು. ಇಲ್ಲದವರ ನರವನ್ನು ಅದು ಸರಿ ಮಾಡುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ.

[ದೃಶ್ಯ: ಇನ್ನೊಂದು ಡಬ್ಬಿ. ಆಲ್ಫಾ ಲಿಪೋಯಿಕ್ ಆಸಿಡ್.]

ಇದನ್ನೂ ನರಕ್ಕೆ ಅಂತಲೇ ತಿನ್ನುತ್ತಾರೆ. ಬೆಲೆ ಜಾಸ್ತಿ. 2006ರ ಒಂದು ಅಧ್ಯಯನದಲ್ಲಿ ದಿನಕ್ಕೆ 600 ಮಿ.ಗ್ರಾಂ ತಗೊಂಡವರಿಗೆ ಐದೇ ವಾರದಲ್ಲಿ ಉರಿ, ನೋವು ಇಳಿದಿತ್ತು. 2011ರಲ್ಲಿ ನಾಲ್ಕು ವರ್ಷದ ಅಧ್ಯಯನ ಬಂತು. ಅದರ ಮುಖ್ಯ ಅಳತೆಯಲ್ಲಿ ಔಷಧಿ ಇಲ್ಲದ ಹುಸಿ ಗುಳಿಗೆ ತಿಂದವರಿಗೂ ಇದನ್ನು ತಿಂದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರ್ ಒಪ್ಪಿದರೆ ಕೆಲವು ತಿಂಗಳು ನೋಡಬಹುದು, ವರ್ಷಾನುಗಟ್ಟಲೆ ದುಡ್ಡು ಸುರಿಯುವುದು ಬೇಡ ಅಂತ ನನ್ನ ಲೆಕ್ಕ.

ನರದ ಗುಳಿಗೆಯಲ್ಲಿ ಬಿ6 ಅನ್ನುವ ಇನ್ನೊಂದು ವಿಟಮಿನ್ ಕೂಡ ಇರಬಹುದು. ಅದರ ಬಗ್ಗೆ ಮಾತ್ರ ಹುಷಾರು. ಜಾಸ್ತಿ ಡೋಸ್ ತಿಂಗಳುಗಟ್ಟಲೆ ತಿಂದರೆ ಅದೇ ನರ ಹಾಳು ಮಾಡಬಹುದು. ಎರಡು ಬೇರೆ ಬೇರೆ ಸ್ಟ್ರಿಪ್‌ನಲ್ಲೂ ಇದು ಇರಬಹುದು. ಕೂಡಿಸಿ ನೋಡಿ.

ಯಾವ ಗುಳಿಗೆ ತಿಂದರೂ ಶುಗರ್ ಹಿಡಿತದಲ್ಲಿ ಇರಲೇಬೇಕು. ಸಂಜೆ ಮಿರ್ಚಿ ಬಿಟ್ಟು ಬರೀ ಮಂಡಕ್ಕಿ ತಿಂತೀನಿ, ಹಗುರ ಅಲ್ವಾ ಅನ್ನುವವರಿದ್ದಾರೆ. ತೂಕಕ್ಕೆ ಹಗುರ ಅಷ್ಟೇ, ಶುಗರ್ ಬೇಗ ಏರಿಸುತ್ತದೆ.

ಇನ್ನೊಂದು ಮಾತು. ಉರಿ ತಾನಾಗಿ ನಿಂತರೆ ವಾಸಿಯಾಯಿತು ಅಂದುಕೊಳ್ಳಬೇಡಿ. ಸ್ಪರ್ಶವೇ ಹೋಗಿರಬಹುದು. ಬೇಸಿಗೆಯಲ್ಲಿ ದೊಡ್ಡಪ್ಪ ದುಗ್ಗಮ್ಮನ ಗುಡಿಗೆ ಬರಿಗಾಲಲ್ಲಿ ಹೋಗಿ ಬಂದರು. ಕಲ್ಲು ಕಾದಿದ್ದು ಗೊತ್ತೇ ಆಗಲಿಲ್ಲ. ಅಂಗಾಲಿನ ಬೊಬ್ಬೆ ಮೊದಲು ಕಂಡಿದ್ದು ದೊಡ್ಡಮ್ಮನಿಗೆ, ಮನೆಗೆ ಬಂದು ಕಾಲು ತೊಳೆಯುವಾಗ. ಈಗ ದಿನಾ ರಾತ್ರಿ ದೊಡ್ಡಪ್ಪ ಗಡ್ಡ ಕೆರೆಯುವ ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳುತ್ತಾರೆ. ಕನ್ನಡಕ ಮರೆತರೆ ದೊಡ್ಡಮ್ಮನನ್ನು ಕರೆಯುತ್ತಾರೆ.