ಯೂರಿಯಾ ಹಾಕಿದ ಅಲಸಂಡೆಗೆ ಹೇನು ಏಕೆ ಮುತ್ತುತ್ತದೆ?

[ದೃಶ್ಯ: ಬದಿಯಡ್ಕ ಸಮೀಪದ ತರಕಾರಿ ಹಿತ್ತಲು. ಚಪ್ಪರಕ್ಕೆ ಹಬ್ಬಿದ ಅಲಸಂಡೆ. ಕ್ಯಾಮೆರಾ ಎಳೆಯ ಕುಡಿಯ ಹತ್ತಿರಕ್ಕೆ.]

ನಮಸ್ಕಾರ. ಕುಡಿಗೆ ಮಸಿ ಬಳಿದಂತೆ ಕಾಣುತ್ತಿರುವುದು ಕಪ್ಪು ಹೇನು. ಕಾಸರಗೋಡಿನಲ್ಲಿ ತರಕಾರಿ ಮಾಡುವವರಿಗೆ ಇದನ್ನು ಪರಿಚಯಿಸಬೇಕಾಗಿಲ್ಲ. ಯಾವ ಮದ್ದು ಬಿಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಬುಡಕ್ಕೆ ಏನು ಹಾಕಿದ್ದೀರಿ ಎಂದು ನಾನು ಮೊದಲು ಕೇಳುತ್ತೇನೆ.

ಹೇನು ಕುಡಿಯುವುದು ಗಿಡದ ಆಹಾರನಾಳದ ರಸವನ್ನು. ಅದರಲ್ಲಿ ಸಕ್ಕರೆ ಧಾರಾಳ, ಸಾರಜನಕದಿಂದಾಗುವ, ಪ್ರೋಟೀನ್ ಕಟ್ಟಲು ಬೇಕಾದ ಅಮೈನೋ ಆಮ್ಲ ಕಡಿಮೆ. ಆದರೆ ಮೈ ಬೆಳೆಯುವುದಕ್ಕೂ ಮರಿ ಹಾಕುವುದಕ್ಕೂ ಬೇಕಾದದ್ದು ಆ ಕಡಿಮೆ ಇರುವ ಅಮೈನೋ ಆಮ್ಲವೇ. ಹಾಗಾಗಿ ಹೇನು ಹೀರುತ್ತಲೇ ಇದ್ದು, ಮಿಕ್ಕ ಸಕ್ಕರೆಯನ್ನು ಅಂಟು ಹನಿಯಾಗಿ ಹೊರಗೆ ಬಿಡುತ್ತದೆ. ಇರುವೆ ಸಾಲುಗಟ್ಟುವುದು ಆ ಹನಿಗಾಗಿ. ಯೂರಿಯಾದಲ್ಲಿ ಶೇಕಡಾ 46ರಷ್ಟು ಸಾರಜನಕವಿದೆ. ಒಂದೇ ಸಲ ಕೈತುಂಬ ಸುರಿದರೆ ಬೇರು ಅದನ್ನು ಬೇಗನೆ ಎಳೆದುಕೊಳ್ಳುತ್ತದೆ. ಗಿಡ ಅಷ್ಟನ್ನೂ ಪ್ರೋಟೀನ್ ಆಗಿ ಕಟ್ಟಿ ಮುಗಿಸುವ ಮೊದಲೇ ರಸದಲ್ಲಿ ಅಮೈನೋ ಆಮ್ಲ ಏರುತ್ತದೆ. ಹೇನಿನ ಸಂತತಿ ಏರುವುದಕ್ಕೆ ಮತ್ತೇನು ಬೇಕು? ಅಲಸಂಡೆಯ ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನೇ ಹಿಡಿದು ಕೊಡುತ್ತವೆ. ಅದಕ್ಕೆ ಹಿಡಿಗಟ್ಟಲೆ ಯೂರಿಯಾ ಹಾಕುವುದು ದುಡ್ಡು ಕೊಟ್ಟು ಹೇನು ಸಾಕುವ ಕೆಲಸ.

[ದೃಶ್ಯ: ಎಲೆಯ ಅಡ್ಡಸೀಳಿಕೆಯ ಚಿತ್ರ.]

ಗಿಡಕ್ಕೆ ಓಡಿಹೋಗಲು ಬರುವುದಿಲ್ಲ, ಅದು ನಿಂತಲ್ಲೇ ರಸಾಯನ ತಯಾರಿಸುತ್ತದೆ. ಹುಳು ಎಲೆ ಕಚ್ಚಿದ ಕೂಡಲೇ ಜಾಸ್ಮೋನಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚಾಗುತ್ತದೆ, ಸುದ್ದಿ ಇತರ ಎಲೆಗಳಿಗೂ ಹೋಗುತ್ತದೆ. ಟೊಮೆಟೊ ಗಿಡ ಆಗ ಹುಳುವಿನ ಹೊಟ್ಟೆಯಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ವಸ್ತುವನ್ನು ಮಾಡುತ್ತದೆ. ಇಂಗಾಲದಿಂದ ಕಟ್ಟಿದ ಟ್ಯಾನಿನ್, ಫೀನಾಲ್, ಲಿಗ್ನಿನ್ ಎಂಬ ವಸ್ತುಗಳೂ ರಕ್ಷಣೆಗೆ ಇವೆ. ಸಾರಜನಕ ವಿಪರೀತವಾದಾಗ ಗಿಡ ತನ್ನ ಇಂಗಾಲವನ್ನು ಹೊಸ ಚಿಗುರಿಗೇ ಸುರಿಯುವುದರಿಂದ ಇವುಗಳ ಪ್ರಮಾಣ ಸಾಮಾನ್ಯವಾಗಿ ಇಳಿಯುತ್ತದೆ. ಕಡುಹಸಿರು ಎಲೆ ನಮ್ಮ ಕಣ್ಣಿಗೆ ಆರೋಗ್ಯ, ಹುಳುವಿಗೆ ಮೆತ್ತಗಿನ ಊಟ.

ಇನ್ನು ನಮ್ಮ ಜಂಬಿಟ್ಟಿಗೆ ಮಣ್ಣಿನ ಮಾತು. ಇಲ್ಲಿನ ಮಳೆ ಪೊಟ್ಯಾಷ್ ಅನ್ನು ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಪೊಟ್ಯಾಷ್ ಕಡಿಮೆಯಾದ ಗಿಡದಲ್ಲಿ ಪ್ರೋಟೀನ್ ಕಟ್ಟುವ ಕೆಲಸ ಕುಂಟುತ್ತದೆ. ಮತ್ತೆ ಅದೇ ಅಮೈನೋ ಆಮ್ಲ, ಅದೇ ಸಕ್ಕರೆ ಶೇಖರವಾಗುತ್ತವೆ. ಕೂಡ್ಲುವಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸನ್ನು ನೋಡಿ: ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಷ್ 140. ತೆಂಗಿಗೆ 500, 320, 1200. ಎರಡರಲ್ಲಿಯೂ ಪೊಟ್ಯಾಷಿನದೇ ದೊಡ್ಡ ಪಾಲು. ಯೂರಿಯಾ ಮಾತ್ರ ತಂದು ಹಾಕುವ ತೋಟಗಳಲ್ಲಿ ಈ ಲೆಕ್ಕ ತಲೆಕೆಳಗಾಗಿರುತ್ತದೆ. ಒಲೆಯ ಬೂದಿಯನ್ನು ಬುಡಕ್ಕೆ ಹಾಕುತ್ತಿದ್ದ ಅಜ್ಜಿಯರು ಪೊಟ್ಯಾಷನ್ನೂ ಕೊಡುತ್ತಿದ್ದರು, ಹುಳಿಯನ್ನೂ ತಗ್ಗಿಸುತ್ತಿದ್ದರು.

[ದೃಶ್ಯ: ಬಯಲು ಗದ್ದೆ, ಬೈಹುಲ್ಲಿನ ರಾಶಿ.]

ಭತ್ತಕ್ಕೆ ಮತ್ತೊಂದು ಆಯುಧವಿದೆ, ಸಿಲಿಕಾ. ಬೇರು ಅದನ್ನು ಹೀರಿ ಎಲೆಯ, ಕಾಂಡದ ಮೇಲ್ಪದರದಲ್ಲಿ ಗಟ್ಟಿಯಾಗಿ ಕೂರಿಸುತ್ತದೆ. ಕಾಂಡಕೊರಕದ ಮರಿ ಅದನ್ನು ಕೊರೆಯಲು ಹೆಣಗುತ್ತದೆ, ಹಲ್ಲು ಸವೆಯುತ್ತದೆ. ಬೈಹುಲ್ಲು ಹಟ್ಟಿಗೆ ಹೋಗಿ ಗೊಬ್ಬರವಾಗಿ ಗದ್ದೆಗೆ ಮರಳುತ್ತಿದ್ದಾಗ ಸಿಲಿಕಾವೂ ಮರಳುತ್ತಿತ್ತು. ಹುಲ್ಲನ್ನು ಮಾರಿದರೆ ಅದೂ ಲಾರಿ ಹತ್ತುತ್ತದೆ. 1973-74ರಲ್ಲಿ ಕುಟ್ಟನಾಡಿನ ಗದ್ದೆಗಳನ್ನು ಕಂದು ಜಿಗಿಹುಳು ಹಾಳುಗೆಡವಿತು. ಅತಿಯಾದ ಸಾರಜನಕ ಈ ಹುಳುವಿನ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಕೀಟನಾಶಕಕ್ಕೆ ಜೇಡಗಳು ಸತ್ತರೆ ತಡೆಯುವವರೂ ಇರುವುದಿಲ್ಲ.

ಅಮೆರಿಕದ ಓಹಿಯೋದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಅದರ ವರದಿ ಬಂದದ್ದು 1995ರಲ್ಲಿ. ಸಾವಯವ ಹೊಲದ ಮಣ್ಣನ್ನೂ ಪಕ್ಕದ ರಾಸಾಯನಿಕ ಹೊಲದ ಮಣ್ಣನ್ನೂ ತಂದು ಹಸಿರುಮನೆಯಲ್ಲಿ ಮೆಕ್ಕೆಜೋಳ ಬೆಳೆಸಿ, ಕಾಂಡಕೊರಕದ ಪತಂಗಗಳನ್ನು ಬಿಟ್ಟರು. ಅವು ಹೆಚ್ಚು ಮೊಟ್ಟೆಯಿಟ್ಟದ್ದು ರಾಸಾಯನಿಕ ಹೊಲದ ಮಣ್ಣಿನ ಗಿಡಗಳ ಮೇಲೆ. ಸೂರು ಒಂದೇ, ಬೆಳೆ ಒಂದೇ. ಆಯ್ಕೆ ಮಣ್ಣಿನ ಇತಿಹಾಸ ನೋಡಿ ನಡೆಯಿತು.

ಇಷ್ಟು ಕೇಳಿ ಯೂರಿಯಾ ಚೀಲವನ್ನು ತೋಡಿಗೆ ಎಸೆಯಬೇಡಿ. ಹಸಿದ ಗಿಡಕ್ಕೂ ರಕ್ಷಣೆ ಇಲ್ಲ, ತಿಂದ ಎಲೆಯ ಬದಲಿಗೆ ಹೊಸತನ್ನು ಬಿಡುವ ತ್ರಾಣವೂ ಅದಕ್ಕಿಲ್ಲ. ಹೊಸದುರ್ಗದ ಕಡಲ ಕಡೆಯಲ್ಲಿ ಬೆಳೆಯುತ್ತಿದ್ದ ಹೊಗೆಸೊಪ್ಪಿನಲ್ಲಿ ಲೆಕ್ಕವೇ ಬೇರೆ: ನಿಕೋಟಿನ್ ತಯಾರಾಗುವುದೇ ಸಾರಜನಕದಿಂದ, ಗೊಬ್ಬರ ಹೆಚ್ಚಿದರೆ ವಿಷವೂ ಹೆಚ್ಚುತ್ತದೆ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನೊಂದ ಜಿಲ್ಲೆ ನಮ್ಮದು. ಹಾಗೆಂದು ಮಣ್ಣು ಸರಿಯಿದ್ದರೆ ಗೇರಿಗೆ ಟೀ ಸೊಳ್ಳೆ ಎಂಬ ರಸ ಹೀರುವ ತಿಗಣೆ ಬರುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಳ್ಳೆಯ ಮಣ್ಣು ಹಾವಳಿಯನ್ನು ತಗ್ಗಿಸುತ್ತದೆ, ಅಷ್ಟೇ.

[ದೃಶ್ಯ: ಗೊಬ್ಬರದ ಗುಂಡಿ, ಬಿಳಿಯ ದಪ್ಪ ಹುಳುಗಳು.]

ಹಟ್ಟಿ ಗೊಬ್ಬರ ನೆಚ್ಚುವವರಿಗೆ ಒಂದು ಎಚ್ಚರಿಕೆ. ತೆಂಗಿನ ಸುಳಿ ತಿನ್ನುವ ಕುರುವಾಯಿ ದುಂಬಿ ಮೊಟ್ಟೆಯಿಡುವುದು ಇದೇ ಗುಂಡಿಯಲ್ಲಿ. ಗೊಬ್ಬರವನ್ನು ತಿಂಗಳುಗಟ್ಟಲೆ ಕದಡದೆ ಬಿಡಬೇಡಿ. ಹುಳು ಕಂಡರೆ ಆಯ್ದು ಕೋಳಿಗೆ ಹಾಕಿ, ಮೆಟಾರೈಜಿಯಮ್ ಎಂಬ ಹಸಿರು ಶಿಲೀಂಧ್ರವನ್ನು ಗುಂಡಿಗೆ ಬೆರೆಸಿ. ಹುಳುವಿಗೆ ರೋಗ ತಂದು ಕೊಲ್ಲುವ ಶಿಲೀಂಧ್ರವದು. ಬೆರೆಸುವಾಗ ಗೊಬ್ಬರದಲ್ಲಿ ತೇವವಿರಲಿ.