ಎಮಿಲಿಯಾಳ ಮಾತಿಗೆ ಕತ್ತರಿ ಹಾಕ್ಬೇಡಿ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನೀವು ಬದಿಯಡ್ಕದಲ್ಲಿ ಶೇಕ್ಸ್‌ಪಿಯರನ ‘ಒಥೆಲೊ’ ಆಡ್ತೀರಿ ಅಂತ ಕೇಳಿ ಭಾರಿ ಖುಷಿ ಆಗಿತ್ತು, ಈಗ ಸ್ಕ್ರಿಪ್ಟ್ ತಿರುವಿ ನೋಡಿದ್ರೆ ಎಮಿಲಿಯಾಳ ಮಾತಿಗೆಲ್ಲ ಕೆಂಪು ಪೆನ್ನಿನ ಗೆರೆ! ಟೈಮ್ ಉಳಿಸ್ಲಿಕ್ಕಂತೆ. ಹಾಗಾಗಿ ಇಯಾಗೊ ಬಗ್ಗೆ ಬರ್ಕೊಂಡು ಬಂದದ್ದನ್ನು ಬದಿಗಿಟ್ಟು ಅವಳ ವಿಷಯವೇ ಹೇಳ್ತೇನೆ. ಎಮಿಲಿಯಾ ಇಯಾಗೊನ ಹೆಂಡತಿ, ಒಥೆಲೊನ ಹೆಂಡತಿ ಡೆಸ್ಡಿಮೋನಾಳ ಸೇವಕಿ. ಇಯಾಗೊ ಡೆಸ್ಡಿಮೋನಾಳ ಕರವಸ್ತ್ರ ಹಿಡ್ಕೊಂಡು ಒಥೆಲೊನ ತಲೇಲಿ ಸಂಶಯ ತುಂಬ್ತಾನೆ, ಒಥೆಲೊ ಹೆಂಡತಿಯನ್ನೇ ಕೊಲ್ತಾನೆ.

ತಾಳಮದ್ದಳೆ ನೋಡಿ ಬೆಳೆದವರು ನಾವು. ಕರ್ಣಪರ್ವಕ್ಕೆ ಎಷ್ಟೇ ದೊಡ್ಡ ಕರ್ಣ ಬರ್ಲಿ, ಅವನ ಸಾರಥಿ ಶಲ್ಯ ಸಪ್ಪೆ ಆದ್ರೆ ಪ್ರಸಂಗ ಏಳುದೇ ಇಲ್ಲ. ಇಲ್ಲಿಯೂ ಹಾಗೇ.

ಕಾಲೇಜಲ್ಲಿ ನಾವು ಇದನ್ನು ಆಡುವಾಗ ಎಮಿಲಿಯಾ ನಾನೇ. ಕರವಸ್ತ್ರದಲ್ಲಿ ಸ್ಟ್ರಾಬೆರಿ ಕಸೂತಿ ಇರ್ಬೇಕಲ್ಲ, ಅಮ್ಮ ಸ್ಟ್ರಾಬೆರಿ ಕಂಡವಳೇ ಅಲ್ಲ, ‘ಕೆಂಪು ಹಣ್ಣು ತಾನೆ’ ಅಂತ ಪುನರ್ಪುಳಿ ಹೊಲಿದು ಕೊಟ್ಲು. ಡೆಸ್ಡಿಮೋನಾಳ ಕೈಯಿಂದ ಬಿದ್ದದ್ದನ್ನು ಹೆಕ್ಕಿ ಗಂಡನಿಗೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಅವಳು ‘ಆ ಕರವಸ್ತ್ರ ಎಲ್ಲಿ ಹೋಯ್ತು ಎಮಿಲಿಯಾ’ ಅಂತ ಕೇಳ್ತಾಳೆ, ‘ನಂಗೊತ್ತಿಲ್ಲಮ್ಮ’ ಅಂದೆ. ಎದುರಿನ ಚಾಪೆಯಿಂದ ಒಬ್ಬರು ಅಜ್ಜಿ, ಬಾಯಲ್ಲಿ ಎಲೆಯಡಿಕೆ, ಎದ್ದೇ ನಿಂತು ‘ಸುಳ್ಳು ಹೇಳ್ಬೇಡ ಮಾರಾಯ್ತಿ, ನೀನೇ ಹೆಕ್ಕಿದ್ದು ನಾನು ನೋಡಿದ್ದೇನೆ!’ ಅಂದ್ರು. ಹಾಲ್ ಇಡೀ ನಗು. ನನ್ನ ಕೈ ಮಾತ್ರ ನಡುಗ್ತಿತ್ತು, ಯಾಕಂದ್ರೆ ಅಲ್ಲಿ ಒಂದು ನಿಜ ಬಾಯಿಗೆ ಬಂದಿದ್ರೆ ಡೆಸ್ಡಿಮೋನಾ ಬದುಕ್ತಿದ್ಲು. ಅಜ್ಜಿಗೆ ಅದು ನನಗಿಂತ ಮೊದ್ಲೇ ಗೊತ್ತಾಗಿತ್ತು.

ಈ ನಾಟಕಕ್ಕೆ ಮೂಲ 1565ರ ಚಿಂಥಿಯೊನ ಇಟಾಲಿಯನ್ ಕತೆ. ಅದ್ರಲ್ಲಿ ಕರವಸ್ತ್ರ ಕದಿಯುದು ಗಂಡನೇ, ಹೆಂಡತಿಗೆ ಅವನ ಸಂಚೆಲ್ಲ ಗೊತ್ತುಂಟು, ಹೆದರಿ ಬಾಯಿ ಬಿಡುದಿಲ್ಲ. ಶೇಕ್ಸ್‌ಪಿಯರ್ ತಿರುಗಿಸಿ ಹಾಕಿದ, ಕರವಸ್ತ್ರ ಅವಳ ಕೈಗೆ ಕೊಟ್ಟ, ಸಂಚಿನ ಸುದ್ದಿ ಮುಚ್ಚಿಟ್ಟ. ಹಾಗಾಗಿಯೇ ಐದನೇ ಅಂಕದಲ್ಲಿ ಒಥೆಲೊ ಇದೆಲ್ಲ ನಿನ್ನ ಗಂಡನೇ ಹೇಳಿದ್ದು ಅಂದಾಗ ‘ನನ್ನ ಗಂಡನಾ?’ ‘ನನ್ನ ಗಂಡನಾ?’ ಅಂತ ಅವಳು ಕೇಳ್ತಾ ಹೋಗುದು. ನೀವು ಅದನ್ನು ಒಂದೇ ಸಲಕ್ಕೆ ಇಳಿಸಿದ್ದೀರಿ! ಅದು ರಿಪೀಟ್ ಅಲ್ಲ, ಒಂದೊಂದು ಸಲಕ್ಕೂ ಅವಳ ಸಂಸಾರದ ಒಂದೊಂದು ಕಂಬ ಮುರೀತಾ ಉಂಟು. ಆಮೇಲೆ ಇಯಾಗೊ ಬರ್ತಾನೆ. ಗಂಡ ಮನೆಗೆ ನಡಿ ಅಂತಾನೆ. ಗಂಡನ ಮಾತು ಕೇಳ್ಬೇಕಾದ್ದೇ, ಆದ್ರೆ ಈಗಲ್ಲ, ಇನ್ನು ಮನೆಗೆ ಬರುದೂ ಇಲ್ವೋ ಏನೋ ಅಂತಾಳೆ. ಎಷ್ಟು ಸಾದಾ ಮಾತು ನೋಡಿ. ಮತ್ತೆ ಕರವಸ್ತ್ರದ ಹೆಸರು ಬರ್ತದೆ, ಮುಗೀತು, ಅವಳು ನಿಜ ಹೇಳಿದ್ದಕ್ಕೆ ಗಂಡನೇ ಕತ್ತಿಯಲ್ಲಿ ಇರೀತಾನೆ.

ಹೆಂಡತಿಯರಿಗೂ ಕಣ್ಣು ಮೂಗು ಉಂಟು, ಸಿಹಿ ಹುಳಿ ಗೊತ್ತಾಗ್ತದೆ ಅನ್ನುವ ನಾಲ್ಕನೇ ಅಂಕದ ಮಾತನ್ನೂ ತೆಗ್ದಿದ್ದೀರಿ. 1622ರ ಮುದ್ರಣದಲ್ಲಿ ಅದಿಲ್ಲ, 1623ರ ಫೋಲಿಯೊದಲ್ಲಿ, ಅಂದ್ರೆ ಅವನ ನಾಟಕಗಳನ್ನು ಒಟ್ಟು ಸೇರಿಸಿದ ದೊಡ್ಡ ಪುಸ್ತಕದಲ್ಲಿ, ಉಂಟು. ದಯವಿಟ್ಟು 1622ಕ್ಕೆ ವಾಪಸ್ ಹೋಗ್ಬೇಡಿ.

ನಾಟಕದ ಇನ್ನೊಬ್ಬಳು ಹೆಂಗಸು ಬಿಯಾಂಕಾ ಬಗ್ಗೆಯೂ ಹೇಳ್ಲಿಕ್ಕಿತ್ತು, ಕುಂಬಳೆ ಕಡೆಯವರಿಗೆ ಬಸ್ಸಿನ ಹೊತ್ತಾಯ್ತು, ಬಿಡಿ. ಒಂದೇ ಒಂದು. ಸಾಯುವಾಗ ಎಮಿಲಿಯಾ ಕೇಳುದು ತನ್ನನ್ನು ಡೆಸ್ಡಿಮೋನಾಳ ಪಕ್ಕ ಮಲಗಿಸಿ ಅಂತ. ನಮ್ಮ ನಾಟಕದಲ್ಲಿ ಮಂಚ ಅಂದ್ರೆ ಕ್ಲಾಸಿನ ಎರಡು ಬೆಂಚು ಜೋಡಿಸಿದ್ದು, ಜಾಗ ಇಲ್ಲ ಅಂತ ನನ್ನನ್ನು ನೆಲದಲ್ಲೇ ಬಿಟ್ರು, ಪರದೆ ಬೀಳುವವರೆಗೆ ಅಲ್ಲೇ ಬಿದ್ದಿದ್ದೆ. ನೀವು ಮೂರನೇ ಬೆಂಚು ತನ್ನಿ.